ಏಳು ಚೌಕಗಳ ಮೇಲೆ ಕೆಂಪು ಶಾಯಿ

ಭಾನುವಾರ ಬೆಳಿಗ್ಗೆ ಎಂಟರಿಂದ ಹತ್ತೂವರೆಯವರೆಗೆ ಪ್ರಬಂಧದ ಪುಸ್ತಕ ತಿದ್ದುವ ಹೊತ್ತು. ಕೊಳ್ಳೇಗಾಲದ ನಮ್ಮ ಮನೆಯಲ್ಲಿ ಎಷ್ಟೋ ವರ್ಷ ಇದು ಬದಲಾಗಲಿಲ್ಲ. ಎಡಕ್ಕೆ ತಿದ್ದಬೇಕಾದವು, ಬಲಕ್ಕೆ ತಿದ್ದಿದವು, ನಡುವೆ ಕೆಂಪು ಶಾಯಿಯ ಪೆನ್ನು. ಆಗ ನಾನು ದಿನವೂ ಬಸ್ಸಿನಲ್ಲಿ ಹನೂರಿಗೆ ಹೋಗಿ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತಿದ್ದೆ. ಎಂಬತ್ತರ ದಶಕದ ಕೊನೆ.

ಆ ಭಾನುವಾರ ಎಡಗಡೆಯ ರಾಶಿಯ ಅಡಿಯಲ್ಲಿ ನಮ್ಮ ಶಾಲೆಯ ಡ್ರಾಯಿಂಗ್ ಮೇಷ್ಟ್ರ ಪುಸ್ತಕವಿತ್ತು. ಶಾಗ್ಯದವರು, ನನಗಿಂತ ಹತ್ತು ವರ್ಷ ಚಿಕ್ಕವರು. ತಮ್ಮ ತಾಯಿಯ ಕಥೆಯನ್ನು ಚೌಕ ಚೌಕವಾಗಿ ಚಿತ್ರ ಬರೆದು ಹೇಳಿದ್ದರು. ನಾಲ್ಕು ವರ್ಷದ ಕೆಲಸ, ಇನ್ನೊಂದು ಪ್ರತಿ ಇಲ್ಲ. ಕನ್ನಡ ಮೇಷ್ಟ್ರೊಬ್ಬರ ಮುನ್ನುಡಿ ಇದ್ದರೆ ಅಚ್ಚು ಹಾಕುವ ಯೋಚನೆ ಮಾಡೋಣ ಎಂದು ಮೈಸೂರಿನ ಪ್ರಕಾಶಕರೊಬ್ಬರು ಹೇಳಿದ್ದರಂತೆ.

"ಮಕ್ಕಳ ಪುಸ್ತಕಕ್ಕೆ ಮುನ್ನುಡಿ ಯಾಕ್ರೀ?" ಎಂದಿದ್ದೆ.

"ಮಕ್ಕಳದ್ದಲ್ಲ ಸಾ, ನಮ್ಮವ್ವಂದು," ಎಂದು ಅವರು ಪುಸ್ತಕ ನನ್ನ ಕೈಗಿಟ್ಟಿದ್ದರು.

ಚಿತ್ರಕಥೆಗಳನ್ನು ನಾನು ಹುಡುಗರಿಂದ ಕಿತ್ತುಕೊಂಡು ಬೀರುವಿನಲ್ಲಿಡುತ್ತಿದ್ದವನು. ಓದಲು ಬಾರದವರಿಗೆ ಚಿತ್ರ, ಬಂದವರಿಗೆ ಅಕ್ಷರ ಎಂಬುದು ನನ್ನ ಲೆಕ್ಕ. ಹತ್ತೂಕಾಲಾಗಿತ್ತು. ನಲವತ್ತೊಂದು ಪುಸ್ತಕ ತಿದ್ದಿದ ಕೈ ನಲವತ್ತೆರಡನೆಯದನ್ನೂ ತಿದ್ದುತ್ತಾ ಹೋಯಿತು. ಕಾಗುಣಿತ ಸರಿಮಾಡಿದೆ. ಪ್ರತಿ ಪುಟದ ಕೆಳಗೆ ರುಜು ಹಾಕಿದೆ. ನಡುವೆ ಒಂದು ಕಡೆ ಏಳು ಚೌಕಗಳಲ್ಲಿ ಒಂದೇ ಚಿತ್ರವಿತ್ತು: ತಾಯಿ ಬಿದಿರಿನ ತಟ್ಟೆಯ ಮುಂದೆ ಬಗ್ಗಿ ರೇಷ್ಮೆಹುಳುವಿಗೆ ಸೊಪ್ಪು ಹಾಕುತ್ತಿದ್ದಾಳೆ. ಮಾತಿಲ್ಲ. ಎರಡನೆಯದರಿಂದ ಏಳನೆಯದರವರೆಗೆ ಉದ್ದಕ್ಕೆ ಗೆರೆ ಎಳೆದು, ಪಕ್ಕದಲ್ಲಿ "ಪುನರುಕ್ತಿ. ಒಂದೇ ಸಾಕು" ಎಂದು ಬರೆದೆ. ಹತ್ತೂವರೆಗೆ ಪೆನ್ನು ಮುಚ್ಚಿದೆ.

ಮಧ್ಯಾಹ್ನ ನನ್ನ ಹೆಂಡತಿ ಮೇಜು ಒರೆಸುವಾಗ ಆ ಪುಟ ತೆರೆದುಕೊಂಡಿತು. ಅವಳು ಯಳಂದೂರಿನ ಕಡೆಯವಳು. ತವರಿನಲ್ಲಿ ಹುಳು ಸಾಕಿದ್ದವಳು. ಬಟ್ಟೆ ಕೈಯಲ್ಲೇ ಹಿಡಿದು ಬಹಳ ಹೊತ್ತು ನಿಂತಳು.

"ಗೂಟದಲ್ಲಿದ್ದ ಅಂಗಿ ಏನಾಯ್ತು ಅಂತ ನೋಡ್ನಿಲ್ವಾ ನೀವು?"

"ಯಾವ ಗೂಟ?"

"ಇಲ್ನೋಡಿ, ಅವಳ ಬೆನ್ನ ಹಿಂದೆ. ಮೊದಲು ಅಂಗಿ, ಚೀಲ, ಕೊಡೆ ಎಲ್ಲಾ ಅದೆ. ಆಮೇಲೆ ಚೀಲ ಇಲ್ಲ. ಆಮೇಲೆ ಅಂಗಿ ಇಲ್ಲ. ಕಡೇಲಿ ಬರೀ ಗೂಟ. ಗಂಡ ಮನೆ ಬಿಟ್ಟು ಹೊಂಟೋಗವ್ನೆ ಕಣ್ರಿ."

"ಅವಳು ತಿರುಗಿ ನೋಡಬಾರದಾ ಮತ್ತೆ?"

"ಹುಳ ಹಣ್ಣಾಗಿ ಗೂಡು ಕಟ್ಟಕ್ ಮುಂಚೆ ಸೊಪ್ಪು ತಪ್ಪಿಸಕ್ಕಾಯ್ತದಾ? ಅವಳಿಗೆ ಗೊತ್ತದೆ. ಅದಕ್ಕೇ ತಿರುಗ್ನಿಲ್ಲ."

ನಾನು ಕನ್ನಡಕ ಹಾಕಿಕೊಂಡೆ, ತೆಗೆದೆ, ಮತ್ತೆ ಹಾಕಿಕೊಂಡೆ. ಗೂಟ ಇತ್ತು. ಏಳೂ ಚೌಕದಲ್ಲಿ ಇತ್ತು. ಮೊದಲನೆಯದು ಬಿಟ್ಟು ಆರರಲ್ಲೂ ಅದರ ಮೇಲೇ ನನ್ನ ಗೆರೆ ಹಾದುಹೋಗಿತ್ತು.

ಮಧ್ಯಾಹ್ನದ ಅರ್ಧ ಗಂಟೆ ನಿದ್ದೆ ಅಂದು ಬರಲಿಲ್ಲ. ಎದ್ದು ಬ್ಲೇಡಿನಿಂದ ಕೆಂಪು ಕೆರೆದೆ. ಕಾಗದ ಜುಂಗು ಜುಂಗಾಗಿ ಎದ್ದಿತು. ಇನ್ನೂ ಕೆರೆದಿದ್ದರೆ ತೂತಾಗುತ್ತಿತ್ತು. ಹಿತ್ತಲಿಗೆ ಹೋದೆ, ಬೀದಿಗೆ ಹೋದೆ, ಬಂದು ಮತ್ತೆ ನೋಡಿದೆ. ನೋಡಿದಷ್ಟೂ ಬೇರೆ ಪುಟಗಳಲ್ಲೂ ನಾನು ಬಿಟ್ಟದ್ದು ಕಾಣತೊಡಗಿತು. ಒಂದು ಚೌಕಕ್ಕೂ ಮುಂದಿನ ಚೌಕಕ್ಕೂ ನಡುವಿನ ಬಿಳಿ ಸಂದಿಯಲ್ಲಿ ಒಂದು ವರ್ಷ ಕಳೆದಿರುತ್ತಿತ್ತು. ನಾನು ಅಲ್ಲಿ ನಿಲ್ಲದೆ ದಾಟಿಬಿಟ್ಟಿದ್ದೆ.

ಸೋಮವಾರ ಬಸ್ಸಿನಲ್ಲಿ ಸೀಟಿದ್ದರೂ ಹನೂರಿನವರೆಗೆ ನಿಂತೇ ಹೋದೆ. ಸ್ಟಾಫ್ ರೂಮಿನಲ್ಲಿ ಡ್ರಾಯಿಂಗ್ ಮೇಷ್ಟ್ರು ಒಂದೊಂದೇ ಪುಟ ತಿರುಗಿಸಿದರು. ಕೆರೆದ ಜಾಗದ ಮೇಲೆ ಹೆಬ್ಬೆರಳು ಆಡಿಸಿದರು.

"ಓದುದ್ರಾ ಸಾ, ನೋಡುದ್ರಾ?"

"ತಿದ್ದುವಾಗ ಓದಿದೆ. ತಿದ್ದಿ ಆದ ಮೇಲೆ ನೋಡಿದೆ. ತಪ್ಪಾಯಿತು."

"ಅಂಕ ಹಾಕ್ನೇ ಇಲ್ವಲ್ಲ," ಎಂದು ನಕ್ಕರು. ಪುಸ್ತಕವನ್ನು ಚೀಲದೊಳಗೆ ಹಾಕಿಕೊಂಡರು. ಅದು ಮೈಸೂರಿಗೆ ಹೋಗಲಿಲ್ಲ.

ಮುಂದೆ ನನಗೆ ಯಳಂದೂರಿಗೆ ವರ್ಗವಾಯಿತು. ಪ್ರತಿ ಶನಿವಾರ ಶಾಲೆ ಬಿಟ್ಟ ಮೇಲೆ ಒಂದು ಗಂಟೆ ಲೈಬ್ರರಿಯಲ್ಲಿ ಕೂರುವ ಹೊಸ ಅಭ್ಯಾಸ ಮಾಡಿಕೊಂಡೆ. ಚಿತ್ರಕಥೆಗಳು ಮಕ್ಕಳ ವಿಭಾಗದ ಅಡಿಯ ಹಲಗೆಯಲ್ಲಿರುತ್ತಿದ್ದವು. "ಮೊಮ್ಮಗೂಗಾ ಸಾ?" ಎಂದು ಲೈಬ್ರರಿಯವರು ಕೇಳುತ್ತಿದ್ದರು. "ನನಗೇ," ಎಂದರೆ ನಂಬುತ್ತಿರಲಿಲ್ಲ. ಹೆಚ್ಚಿನವು ಸಾಧಾರಣ. ಆದರೆ ಅಪರೂಪಕ್ಕೆ ಒಂದರಲ್ಲಿ ಚೌಕ ಸಣ್ಣದಾದರೆ ಉಸಿರು ಕಟ್ಟುತ್ತದೆ, ಒಮ್ಮೆಲೇ ಪುಟವೆಲ್ಲ ಒಂದೇ ಚಿತ್ರವಾದರೆ ಬಯಲಿಗೆ ಬಂದಂತಾಗುತ್ತದೆ ಎಂದು ತಿಳಿಯಿತು. ಪದ್ಯದಲ್ಲಿ ಯತಿ ಎಲ್ಲಿ ಬರುತ್ತದೆಂದು ಮೂವತ್ತು ವರ್ಷ ಪಾಠ ಹೇಳಿದವನಿಗೆ ಇದು ಹೊಸದಾಗಬಾರದಿತ್ತು. ಆದರೂ ನೆಮ್ಮದಿಯಿಂದ ಓದಿದ ಒಂದು ಶನಿವಾರವೂ ನೆನಪಿಲ್ಲ. ನಾನು ಕೆಡಿಸಿದ ಪುಸ್ತಕ ಚೀಲದಲ್ಲೇ ಉಳಿದಿತ್ತು. ಬಸ್‌ಸ್ಟ್ಯಾಂಡಿನಲ್ಲಿ ಎಲ್ಲಾದರೂ ಡ್ರಾಯಿಂಗ್ ಮೇಷ್ಟ್ರು ಸಿಕ್ಕರೆ ಪುಸ್ತಕ ಏನಾಯಿತೆಂದು ಕೇಳುತ್ತಿದ್ದೆ. "ಆಯ್ತದೆ ಬುಡಿ ಸಾ," ಎನ್ನುತ್ತಿದ್ದರು.

ನಾನು ನಿವೃತ್ತನಾಗಿ ಕೆಲವು ವರ್ಷದ ಮೇಲೆ ಅವರು ಕೊಳ್ಳೇಗಾಲದ ಮನೆಗೆ ಬಂದರು. ಮೊದಲ ಪುಟದಿಂದ ಕೊನೆಯವರೆಗೆ ಎಲ್ಲವನ್ನೂ ಹೊಸದಾಗಿ ಬರೆದಿದ್ದರು. ನನ್ನ ಹೆಂಡತಿ ಮೊದಲು ಆ ಏಳು ಚೌಕಗಳನ್ನೇ ಹುಡುಕಿದಳು. ಏಳೂ ಇದ್ದವು.

"ಮುನ್ನುಡಿ ಬಾಕಿ ಅದೆ," ಎಂದರು ಅವರು.

ಹದಿನೈದು ದಿನ ಬರೆದೆ, ಹರಿದೆ, ಬರೆದೆ. ನಾಲ್ಕು ಪುಟವಾಯಿತು. ನಾನು ಎಡವಿದಲ್ಲಿ ಇನ್ನೊಬ್ಬರು ಎಡವಬಾರದೆಂದು ಗೂಟ, ಚೀಲ, ಅಂಗಿ, ಕೊಡೆ ಎಲ್ಲವನ್ನೂ ಬಿಡಿಸಿ ಹೇಳಿದ್ದೆ. ಅವರು ನಮ್ಮ ಜಗಲಿಯಲ್ಲೇ ಕೂತು ಓದಿ, ನನ್ನ ಮೇಜಿನ ಮೇಲಿದ್ದ ಕೆಂಪು ಪೆನ್ನು ಕೇಳಿದರು. ಮೊದಲ ಎರಡು ವಾಕ್ಯ ಬಿಟ್ಟು ಮಿಕ್ಕದ್ದಕ್ಕೆ ಉದ್ದಕ್ಕೆ ಗೆರೆ ಎಳೆದು ಪಕ್ಕದಲ್ಲಿ ಬರೆದರು: "ಪುನರುಕ್ತಿ."

"ನಾನು ಬರ್ದಿರೋದ್ನೇ ನೀವ್ ಯಾಕ್ ಇನ್ನೊಂದ್ಸಲ ಹೇಳೀರಿ ಸಾ? ನೋಡೋರು ನೋಡ್ಲಿ."

"ನೋಡದೆ ಹೋದರೆ?"

"ನೀವೂ ನೋಡ್ನಿಲ್ಲ. ಆಮೇಲೆ ನೋಡುದ್ರಿ."

ಆ ಎರಡು ವಾಕ್ಯಗಳೊಂದಿಗೇ ಪುಸ್ತಕ ಬಂತು. ಯಾರಾದರೂ ಮನೆಯಲ್ಲಿ ಅದನ್ನು ಕೈಗೆತ್ತಿಕೊಂಡು ಆ ಏಳು ಚೌಕಗಳ ಪುಟವನ್ನು ಬೇಗ ತಿರುಗಿಸಿದರೆ ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ಎದ್ದು ಹಿತ್ತಲಿಗೆ ಹೋಗುತ್ತೇನೆ.