ಅಲಮೇಲಮ್ಮನವರ ಶ್ರುತಿಪೆಟ್ಟಿಗೆ

ಕಾವ್ಯವಾಚನದಲ್ಲಿ ಗಮಕಿಗೆ ಹಾರ, ವ್ಯಾಖ್ಯಾನಕಾರರಿಗೆ ಶಾಲು. ಶ್ರುತಿ ಹಿಡಿದವರಿಗೆ ಕೋಸಂಬರಿ. ರಾಜಾಜಿನಗರದ ನಮ್ಮ ವಾಚನ ಮಂಡಲಿಯಲ್ಲಿ ಇಪ್ಪತ್ತೆರಡು ವರ್ಷ ಗಮಕಿ ವೆಂಕಟಗಿರಿಯವರ ಎಡಕ್ಕೆ ಕುಳಿತು ಶ್ರುತಿ ಹಿಡಿದ ಶ್ರೀಮತಿ ಅಲಮೇಲಮ್ಮನವರು ಈ ೧೯೭೯ರಲ್ಲಿ ಅರವತ್ತು ತುಂಬಿ ಆ ಸೇವೆಯಿಂದ ನಿವೃತ್ತರಾಗುತ್ತಿದ್ದಾರೆ. ಸಹಾಯಕರೆಂದರೆ ಯಾರೆಂಬುದನ್ನು ಅವರಿಂದ ಕಲಿತವರೊಬ್ಬರ ಕಥೆಯೇ ಇಲ್ಲಿ ಉಚಿತವಾದ ಅಭಿನಂದನೆ.

ವಿಜಯನಗರದಲ್ಲಿ ಹಾರ್ಮೋನಿಯಂ ರಿಪೇರಿ ಮಾಡುವ ಜಗನ್ನಾಥರ ಅಂಗಡಿಗೆ ೧೯೭೪ರಲ್ಲಿ ಅಲಮೇಲಮ್ಮನವರ ಶ್ರುತಿಪೆಟ್ಟಿಗೆ ಮೂರು ಸಲ ಬಂತು. ವಾಚನದ ನಡುವೆ ನಿಂತುಹೋಗುತ್ತದೆಂದು ದೂರು. ಬಿಚ್ಚಿ ನೋಡಿದರೆ ಗಾಳಿಯೂದುವ ತಿದಿ ಗಟ್ಟಿ, ಒಳಗೆ ಧೂಳೂ ಇಲ್ಲ. ತಮ್ಮ ಕೈಗೆ ಸಿಗದ ಈ ರೋಗ ಯಾವುದಪ್ಪಾ ಎಂದು ತಲೆ ಕೆಡಿಸಿಕೊಂಡ ಜಗನ್ನಾಥರು ಒಂದು ಶನಿವಾರದ ವಾಚನಕ್ಕೆ ಬಂದು ಮುಂದಿನ ಸಾಲಿನಲ್ಲೇ ಕುಳಿತರು.

ಪೆಟ್ಟಿಗೆ ನಿಂತಾಗ ಅವರು ನೋಡಿದ್ದು ಮುಖಗಳನ್ನು. ವೆಂಕಟಗಿರಿಯವರ ಮುಂದೆ ಪುಸ್ತಕ ತೆರೆದಿತ್ತು. ಆದರೆ ಹಾಳೆ ಅರ್ಧ ಗಂಟೆಯಿಂದ ಮಗುಚಿರಲಿಲ್ಲ. ಕಣ್ಣು ಮಂಜಾದುದನ್ನು ಮುಚ್ಚಿಟ್ಟು ಅವರು ನೆನಪಿನಿಂದಲೇ ವಾಚಿಸುತ್ತಿದ್ದರು. ಸಾಲು ಮರೆತೊಡನೆ ಅಲಮೇಲಮ್ಮನವರು ತಿದಿ ನಿಲ್ಲಿಸಿ, ಪೆಟ್ಟಿಗೆಯನ್ನು ಸರಿಪಡಿಸುವವರಂತೆ ಬಾಗಿ, ಮುಂದಿನ ಸಾಲನ್ನು ಮೆಲ್ಲನೆ ಉಸುರುತ್ತಿದ್ದರು. ಸಭೆಯ ನಗೆಯನ್ನು ತಾವೇ ಹೊರುತ್ತಿದ್ದರು.

ಅಂದೇ ಕಾರ್ಯದರ್ಶಿ ಲಕ್ಷ್ಮೀಪತಿಯವರು ಎಲ್ಲರೆದುರು ಕೇಳಿದರು: "ರೀ ಜಗನ್ನಾಥ್, ಇದರ ಕಥೆ ಮುಗೀತು ಅಂದ್ಬಿಡಿ. ಸ್ವಿಚ್ ಹಾಕಿದ್ರೆ ತಾನೇ ನುಡಿಯೋದನ್ನ ತರಿಸ್ತೀವಿ. ಅಮ್ಮನೂ ಹಾಯಾಗಿ ಕೆಳಗೆ ಕೂತು ಕೇಳ್ಲಿ."

ಅಲಮೇಲಮ್ಮನವರು ಪೆಟ್ಟಿಗೆಯನ್ನು ಮಡಿಲಿಗೆ ಎಳೆದುಕೊಂಡರು. ಅವರು ಪಕ್ಕದಿಂದ ಎದ್ದರೆ ವೆಂಕಟಗಿರಿಯವರ ಶನಿವಾರಗಳು ಅಲ್ಲಿಗೆ ಮುಗಿದಂತೆ. ಕೆಟ್ಟಿದೆಯೆಂದರೆ ಹೊಸ ಪೆಟ್ಟಿಗೆ. ಕೆಟ್ಟಿಲ್ಲವೆಂದರೆ ನಿಲ್ಲಿಸುವವರು ಯಾರೆಂಬ ಪ್ರಶ್ನೆ.

"ತಪ್ಪು ನಂದು ಸಾರ್," ಎಂದರು ಜಗನ್ನಾಥರು. "ಹೋದ ಸಲ ನಾನೇ ತಿದಿ ಸರಿಯಾಗಿ ಕೂರಿಸಲಿಲ್ಲ. ಇನ್ಮೇಲೆ ವಾರವಾರ ಬಂದು ಪಕ್ಕದಲ್ಲೇ ಇರ್ತೀನಿ."

ಹೊರಗೆ ಚಪ್ಪಲಿ ಮೆಟ್ಟುವಾಗ ಅಲಮೇಲಮ್ಮನವರು, "ಕಸುಬಿನವನು ಯಾಕಪ್ಪಾ ಹೆಸರು ಕೆಡಿಸ್ಕೊಂಡೆ?" ಎಂದರಂತೆ.

"ನಿಮ್ಮಷ್ಟು ಕೆಡಿಸ್ಕೊಂಡಿಲ್ಲ ಬಿಡೀಮ್ಮ."

ಐದು ವರ್ಷ ಆ ಕುಶಲಕರ್ಮಿ ಸ್ಕ್ರೂಡ್ರೈವರ್ ಹಿಡಿದು ಪಕ್ಕದಲ್ಲಿ ಕುಳಿತರು; ಪೆಟ್ಟಿಗೆ ನಿಂತಾಗಲೆಲ್ಲ ಗಂಭೀರವಾಗಿ ಬಾಗಿ, ಏನನ್ನೂ ರಿಪೇರಿ ಮಾಡಲಿಲ್ಲ.

ಕಳೆದ ಯುಗಾದಿಯಂದು ವೆಂಕಟಗಿರಿಯವರೇ ಸಭೆಗೆ ಎಲ್ಲವನ್ನೂ ಹೇಳಿ ಕೈಮುಗಿದರು. ಯಾರೂ ನಗಲಿಲ್ಲ. ಇನ್ನು ಶ್ರುತಿ ಜಗನ್ನಾಥರದು. ಅಲಮೇಲಮ್ಮನವರು ಅದೇ ಎಡಗಡೆ ಕುಳಿತು, ಮರೆತ ಸಾಲನ್ನು ಎಲ್ಲರಿಗೂ ಕೇಳುವಂತೆ ಹೇಳಿಕೊಡುವರು. ಇಷ್ಟು ಕಾಲ ಪಿಸುಮಾತಾಗಿದ್ದ ಆ ದನಿಯನ್ನು ಶ್ರೀರಾಮನು ನೂರು ವರ್ಷ ಗಟ್ಟಿಯಾಗಿ ಕೇಳಿಸಲಿ. ಪೆಟ್ಟಿಗೆ ಇನ್ನು ಕೆಡಬೇಕಾಗಿಲ್ಲ.