ಅಕ್ಕನ ಎಡೆಗೆ ಬಂದ ಕ್ಯಾಮೆರಾ

ಅಕ್ಕ ಸತ್ತ ದಿನ ನಮ್ಮ ಭಾವನಷ್ಟು ಚೆನ್ನಾಗಿ ಅತ್ತವರು ಯಾರೂ ಇಲ್ಲ. ಮಂಡ್ಯದಿಂದ ಬಂದ ಚಾನೆಲ್ಲಿನವರ ಮೈಕು ಹತ್ತಿರ ಬಂದಷ್ಟೂ ಭಾವನ ಅಳು ಏರುತ್ತಿತ್ತು. "ಕೊನೇಗಂಟ ನಾನೇ ಕೈಯಾರ ಉಣ್ಸುದೆ ಸಾರ್," ಅಂದರು. ಒಂದೇ ದಿನದಲ್ಲಿ ಆ ಅಳು ಊರೂರಿನವರ ಫೋನು ಮುಟ್ಟಿತು. ಇಂಥ ಗಂಡ ಎಲ್ಲರಿಗೂ ಸಿಗಲಿ ಎಂದು ಜನ ಬರೆದರು. ಭಾವನ ಮಾನವನ್ನು ಇದೇ ಮೈಕಿನ ಮುಂದೆ ಕಳೆಯಬೇಕು ಎಂದು ಅವತ್ತೇ ತೀರ್ಮಾನ ಮಾಡಿದೆ.

ಚಾನೆಲ್ಲಿನವರು ಬಂದದ್ದು ಅಕ್ಕನ ಹೆಸರಿಗೆ. ಗಂಟಲಿನ ಕ್ಯಾನ್ಸರಿಗೆ ಮಾತು ನಿಂತ ಮೇಲೆ ಅವಳು ಸ್ಲೇಟಿನಲ್ಲಿ ಬರೆದು ತೋರಿಸುತ್ತಿದ್ದಳು, ನಾನು ವಿಡಿಯೊ ಮಾಡಿ ಹಾಕುತ್ತಿದ್ದೆ. "ಯಮಂಗೆ ಅಲಗೂರ್ ಬಸ್ಸು ಸಿಕ್ಕಿಲ್ಲ ಕಣ್ರಪ್ಪೋ" ಎಂದು ಬರೆದ ದಿನ ಎಷ್ಟೋ ಜನ ನಕ್ಕು ಅತ್ತರು. ಭಾರತೀನಗರದಲ್ಲಿದ್ದ ಭಾವನೂ ಫೋನಿನಲ್ಲೇ ನೋಡಿರಬೇಕು. ಅಕ್ಕನನ್ನು ಹಲಗೂರಿನ ಹತ್ತಿರದ ನಮ್ಮ ಮನೆಯಲ್ಲಿ ಬಿಟ್ಟು ಹೋದವರು ಏಳು ತಿಂಗಳು ಇತ್ತ ತಲೆ ಹಾಕಿರಲಿಲ್ಲ. ಆ ಏಳು ತಿಂಗಳೂ ಅವಳ ಗಂಟಲಲ್ಲಿ ಒಂದು ತುತ್ತು ಇಳಿದಿರಲಿಲ್ಲ. ಮೂಗಿಗೆ ಹಾಕಿದ್ದ ಪೈಪಿಗೆ ದೊಡ್ಡ ಸಿರಿಂಜು ಸಿಕ್ಕಿಸಿ, ಬಟ್ಟೆಯಲ್ಲಿ ಸೋಸಿದ ರಾಗಿ ಅಂಬಲಿಯನ್ನು ನಾನು ಎರೆಯುತ್ತಿದ್ದೆ.

ಹನ್ನೊಂದನೇ ದಿನ ತಿಥಿ. ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಎಲೆಯ ಮೇಲೆ ಬಡಿಸಿ ಎಡೆ ಇಡುವುದು ನಮ್ಮಲ್ಲಿ ಪದ್ಧತಿ. ಮೈಕು ಮತ್ತೆ ಬಂತು. ಭಾವನೂ ಬಂದರು, ಮದ್ದೂರು ವಡೆಯ ಪೊಟ್ಟಣ ಹಿಡಿದುಕೊಂಡು. ಎಲೆಯ ಮುಂದೆ ಕೂತು ಕ್ಯಾಮೆರಾಕ್ಕೆ ಕಾಣುವಂತೆ ಮುದ್ದೆ ಮುರಿದರು. "ಸಾಯೋ ದಿವ್ಸಾನೂ ನನ್ ಕೈಯಿಂದ್ಲೇ ಮುದ್ದೆ ಉಂಡ್ಲು," ಅಂದರು.

ಅಮ್ಮ ನನ್ನ ಸೆರಗು ಹಿಡಿದೆಳೆದಳು. "ಬುಡು ಕಣಮ್ಮಿ, ಸತ್ತೋಳ್ ಮುಂದೆ ಜಗಳ ಬ್ಯಾಡ."

ನಾನು ಬಿಡಲಿಲ್ಲ. ಒಳಗೆ ಹೋಗಿ ಒಂದು ಲೋಟ ಅಂಬಲಿ, ತೊಳೆದಿಟ್ಟಿದ್ದ ಪೈಪು, ಸಿರಿಂಜು ತಂದು ಎಲೆಯ ಪಕ್ಕ ಇಟ್ಟೆ.

"ಅಕ್ಕ ಏಳ್ ತಿಂಗ್ಳು ಉಂಡಿದ್ದು ಇದ್ರಲ್ಲೇ ಬಾವ. ಕೈಯಾರ ಉಣ್ಸುದೆ ಅಂದ್ರಲ್ಲ, ಎಂಗೆ ಉಣ್ಸುದ್ರಿ, ಎಲ್ರಿಗೂ ಒಸಿ ತೋರ್ಸಿ."

ನೆಂಟರೆಲ್ಲ ಎದ್ದು ನಿಂತರು. ಕ್ಯಾಮೆರಾದವನು ಇನ್ನೂ ಹತ್ತಿರ ಬಂದ. ಭಾವ ಪೈಪು ಕೈಗೆತ್ತಿಕೊಂಡು ಆ ತುದಿ ನೋಡಿದರು, ಈ ತುದಿ ನೋಡಿದರು. ಅಕ್ಕನ ಮೂಗಿಗೆ ಹೋಗುವುದು ಯಾವುದು ಎಂದು ಅವರಿಗೆ ತಿಳಿಯಲಿಲ್ಲ. ಸಹಾಯಕ್ಕೆ ನನ್ನ ಮುಖ ನೋಡಿದರು.

ನಾನು ಹೇಳಿಕೊಡಲಿಲ್ಲ.