ಬೆನ್ನಿನ ಸೂಜಿ, ಏಳದ ಕಾಲು

ಅರವತ್ತರ ದಶಕದಲ್ಲಿ ನಮ್ಮ ಮನೆಯವರು ಯಲಹಂಕದಿಂದ ಪೇಟೆಗೆ ಖಾಸಗಿ ಬಸ್ಸು ಓಡಿಸುತ್ತಿದ್ದರು. ಒಂದು ಬೇಸಿಗೆಯಲ್ಲಿ ಪಂಕ್ಚರ್ ಆದ ಚಕ್ರ ಎತ್ತಲು ಬಗ್ಗಿದಾಗ ಸೊಂಟ ಹಿಡಿದುಕೊಂಡಿತು. ಕೆಲವೇ ದಿನಗಳಲ್ಲಿ ನೋವು ಬೆನ್ನಿನಿಂದ ಎಡಗಾಲಿನ ಪಾದದವರೆಗೂ ಇಳಿಯಿತು. ಕ್ಲಚ್ ಒತ್ತುವ ಕಾಲು ಅದು. ಹೆಬ್ಬಾಳದ ಕೆರೆ ಹತ್ತಿರ ಗೇರ್ ಬದಲಿಸಲಾಗದೆ ಬಸ್ಸು ನಿಲ್ಲಿಸಿ, ಸ್ಟೀರಿಂಗ್ ಮೇಲೆ ತಲೆಯಿಟ್ಟು ಕೂತುಬಿಟ್ಟರಂತೆ.

ಎಣ್ಣೆ ತಿಕ್ಕಿದ್ದಾಯಿತು, ಹಲಗೆಯ ಮೇಲೆ ಮಲಗಿದ್ದಾಯಿತು. ಕೊನೆಗೆ ಪೇಟೆಯ ಆಸ್ಪತ್ರೆಯ ಡಾಕ್ಟರು ಬೆನ್ನುಮೂಳೆಯ ಬುಡಕ್ಕೆ ಇಂಜೆಕ್ಷನ್ ಕೊಡಬಹುದು ಎಂದರು. ಅದನ್ನು ಕೇಳಿ ನಮ್ಮತ್ತೆ ಆ ದಿನ ಊಟ ಮಾಡಲಿಲ್ಲ.

"ಬೆನ್ನಿಗೆ ಸೂಜಿ ಆಕ್ಸ್ಕಂಡೋರು ಎದ್ದು ನಡ್ದಿದ್ದು ನಾನ್ ಕಾಣೆ. ಕಾಲು ಬಿದ್ದೋದ್ರೆ ಅವನ್ನ ಯಾರಮ್ಮ ಎತ್ತೋರು?"

ನನಗೂ ಅದೇ ಭಯ. ನಾನು ತವರಿಗೆ ಹೋಗಿದ್ದಾಗ ಅತ್ತೆ ಇವರನ್ನು ರಾಜಾನುಕುಂಟೆ ಕಡೆಯ ನಾಟಿ ವೈದ್ಯನೊಬ್ಬನ ಹತ್ತಿರ ಕರೆದೊಯ್ದು, ಸೊಂಟಕ್ಕೆ ಕಾಯಿಸಿದ ಕಬ್ಬಿಣದಿಂದ ಬರೆ ಹಾಕಿಸಿ ಕರೆತಂದಿದ್ದರು. ನೋವು ಹಾಗೇ ಇತ್ತು, ಮೇಲೆ ಹುಣ್ಣು ಬೇರೆ.

ಅದನ್ನು ನೋಡಿ, ಭಯವಿದ್ದರೂ ಆಸ್ಪತ್ರೆಗೇ ಹೋಗೋಣವೆಂದು ನಾನು ಹಟ ಹಿಡಿದೆ. ಇಂಜೆಕ್ಷನ್ನಿಗೆಂದು ಹೋದ ದಿನ ಡಾಕ್ಟರು ಅಂಗಿ ಸರಿಸಿದವರೇ ಕೈ ಹಿಂತೆಗೆದರು. "ಕೀವಾಗಿದೆ ಕಣ್ರೀ. ಇದರ ಪಕ್ಕದಲ್ಲೇ ಸೂಜಿ ಇಳಿಸಿದ್ರೆ ಸೋಂಕು ಒಳಗೆ ಹೋಗುತ್ತೆ. ಇದು ಪೂರ್ತಿ ಮಾಯೋವರೆಗೂ ನಾನು ಕೊಡಲ್ಲ."

ಕಾಲು ಹೋಗುತ್ತದೆಯೇ ಎಂದು ಆಗ ಕೇಳಿಯೇಬಿಟ್ಟೆ. ಅವರು ಬೇಸರಪಡದೆ ಹೇಳಿದರು. ಸೂಜಿ ನರಕ್ಕೆ ಚುಚ್ಚುವುದಿಲ್ಲ, ನರಗಳನ್ನು ಸುತ್ತಿದ ಪೊರೆಯ ಹೊರಗೆ ನಿಲ್ಲುತ್ತದೆ. ಔಷಧಿ ಒತ್ತಿಹೋದ ನರದ ಬಾವು ಇಳಿಸಬಹುದು. ಎಲ್ಲರಿಗೂ ಹಿಡಿಯುವುದಿಲ್ಲ, ಹಿಡಿದರೂ ಶಾಶ್ವತವಲ್ಲ. ಅಪಾಯ ಅಪರೂಪ, ಇಲ್ಲವೇ ಇಲ್ಲ ಎನ್ನಲಾರೆ ಎಂದರು. ಸಕ್ಕರೆ ಕಾಯಿಲೆ ಇದೆಯೇ, ಜ್ವರ ಬಂದಿತ್ತೇ ಎಂದೂ ವಿಚಾರಿಸಿದರು. ಕೆಲವು ಗಂಟೆ ಕಾಲು ಜೋಮು ಹಿಡಿದಂತಿರಬಹುದು, ಅದು ಬಿಡದಿದ್ದರೆ, ಮೂತ್ರ ಕಟ್ಟಿದರೆ, ಜ್ವರ ಬಂದರೆ ಕಾಯಬೇಡಿ, ಕೂಡಲೇ ಬನ್ನಿ ಎಂದರು.

ಹುಣ್ಣು ಮಾಯ್ದ ಮೇಲೆ ಮತ್ತೆ ಹೋದೆವು. ಇಂಜೆಕ್ಷನ್ ಮುಗಿಸಿ ಅವರನ್ನು ವಾರ್ಡಿನ ಮಂಚದ ಮೇಲೆ ಮಲಗಿಸಿದರು.

"ಕಾಲು ನಂದಲ್ಲ ಅನ್ನಿಸ್ತಿದೆ ಕಣೇ," ಎಂದರು ಮೆಲ್ಲಗೆ.

ಅಂಗಾಲು ಚಿವುಟಿದೆ. ಗೊತ್ತಾಗಲಿಲ್ಲ ಎಂದರು. ಡಾಕ್ಟರು ಹೇಳಿದ್ದೆಲ್ಲ ನೆನಪಿತ್ತು, ಆದರೂ ಇನ್ನೊಂದು ಸಲ ಚಿವುಟಿ ನೋಡಿದೆ. ಬಾಗಿಲ ಬಳಿ ಕೂತಿದ್ದ ಅತ್ತೆ ನನ್ನ ಮುಖವನ್ನೇ ನೋಡುತ್ತಿದ್ದರು. ಹಟ ಹಿಡಿದು ಕರೆತಂದವಳು ನಾನೇ ತಾನೆ? ನರ್ಸು ಬಂದಾಗಲೆಲ್ಲ ಎದ್ದು ನಿಲ್ಲುತ್ತಿದ್ದೆ. ಆಕೆ ಕಾಲು ಮುಟ್ಟಿ ನೋಡಿ, ಇನ್ನೂ ಹೊತ್ತಿದೆ ಎಂದು ಹೋಗುತ್ತಿದ್ದಳು.

ಊಟದ ಹೊತ್ತು ದಾಟಿದ ಮೇಲೆ ಹೆಬ್ಬೆರಳು ಅಲುಗಿತು. ನನ್ನ ಕಣ್ಣನ್ನೇ ನಂಬದೆ ಇನ್ನೊಮ್ಮೆ ಅಲ್ಲಾಡಿಸಿ ಎಂದೆ. ಅಲ್ಲಾಡಿಸಿದರು. ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡು ಮಗನಿಗೆ ನೀರು ಕುಡಿಸಲು ಬಂದರು. ಸಂಜೆಗೆ ನಮ್ಮ ಮನೆಯವರು ನನ್ನ ಭುಜ ಹಿಡಿದು ಎದ್ದು ಹೋಗಿ ಮೂತ್ರ ಮಾಡಿ ಬಂದರು. ನರ್ಸಿಗೂ ನೆಮ್ಮದಿಯಾಯಿತು.

ಜೋಮು ಬಿಟ್ಟ ಮೇಲೆ ನೋವು ಮರಳಿತು. ವ್ಯರ್ಥವಾಯಿತೆಂದು ಕಂಗಾಲಾದೆವು. ಆದರೆ ಮುಂದಿನ ವಾರ ಔಷಧಿ ಹಿಡಿದು ಅದು ಮೆಲ್ಲಗೆ ಇಳಿಯುತ್ತ ಬಂತು. ಡಾಕ್ಟರು ಹೇಳಿಕೊಟ್ಟ ವ್ಯಾಯಾಮ ಮಾಡಿ, ಭಾರ ಎತ್ತುವುದನ್ನು ಬಿಟ್ಟು, ದೀಪಾವಳಿ ಹೊತ್ತಿಗೆ ಮತ್ತೆ ಬಸ್ಸು ಹತ್ತಿದರು. ಮರುವರ್ಷ ನೋವು ತಿರುಗಿ ಬಂದಾಗ ಎರಡನೇ ಇಂಜೆಕ್ಷನ್ ಅಷ್ಟಾಗಿ ಹಿಡಿಯಲಿಲ್ಲ. ಆಮೇಲೆ ಅವರು ಡ್ರೈವರ್ ಕೆಲಸ ಬಿಟ್ಟು ಅದೇ ಬಸ್ಸಿನವರ ಹತ್ತಿರ ಟಿಕೆಟ್ ಚೆಕಿಂಗ್ ಕೆಲಸ ಹಿಡಿದರು.